ಆರು ವರ್ಷದ ಪುಟ್ಟಿಗೆ ಏಳು ತುಂಬುವುದಿಲ್ಲ

ಪುಟ್ಟಿಗೆ ಆರು ವರ್ಷ. ಕಳೆದ ಮೂರು ವರ್ಷದಿಂದಲೂ ಅವಳಿಗೆ ಆರೇ ವರ್ಷ. ಈ ನಡುವೆ ಎರಡು ಸಲ ಹುಟ್ಟುಹಬ್ಬವನ್ನೂ ಮಾಡಿಸಿಕೊಂಡಿದ್ದಾಳೆ, ಒಂದೊಂದೂ ಎಂಟೆಂಟು ಸಂಚಿಕೆ ಎಳೆದದ್ದು. ಮನೆತುಂಬ ಬಲೂನು, ಮೂರು ಅಂತಸ್ತಿನ ಕೇಕು, ಕೇಕಿನಲ್ಲಿ ವಿಷ, ಆ ತುಂಡು ಇನ್ನೇನು ಬಾಯಿಗೆ ಹೋಗಬೇಕು ಎನ್ನುವಾಗ ಹಾರಿಹೋಗುವ ಕರೆಂಟು, ಎಲ್ಲವೂ ಆಯಿತು. ವಯಸ್ಸೊಂದು ಆಗಲಿಲ್ಲ. ಕೇಕಿನ ಮೇಲೆ ಎಷ್ಟು ಮೇಣದಬತ್ತಿ ಹಚ್ಚಬೇಕೆಂಬುದು ಆ ಮನೆಯಲ್ಲಿ ಯಾರಿಗೂ ಖಚಿತವಿಲ್ಲದ್ದರಿಂದ ಒಂದೇ ಹಚ್ಚುತ್ತಾರೆ.

ಪುಟ್ಟಿ ಅಂದರೆ ಇಂಥದೇ ಧಾರಾವಾಹಿಯ ಪುಟ್ಟಿ ಎಂದೇನೂ ಇಲ್ಲ. ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಹತ್ತೂವರೆಯೊಳಗೆ ಯಾವ ಕನ್ನಡ ವಾಹಿನಿ ಹಾಕಿದರೂ ಒಬ್ಬಳಾದರೂ ಸಿಗುತ್ತಾಳೆ. ಹೆಸರು ಬೇರೆ ಇರಬಹುದು, ಜಡೆ ಅದೇ. ಎರಡು ಜಡೆ, ಜಡೆಯ ತುದಿಗೆ ರಿಬ್ಬನ್ನು, ನಡುರಾತ್ರಿಯಲ್ಲೂ ಮೈಮೇಲೆ ಬಲೆಬಲೆಯ ಫ್ರಾಕು. ನಮ್ಮ ನಿಮ್ಮ ಮನೆಯ ಮಕ್ಕಳು ಮದುವೆಮನೆಯಲ್ಲಿ ಅರ್ಧ ಗಂಟೆ ತೊಟ್ಟು “ಚುಚ್ಚುತ್ತೆ” ಎಂದು ಕಿತ್ತೆಸೆಯುವಂಥ ಫ್ರಾಕು ಅದು. ಪುಟ್ಟಿ ಅದನ್ನು ತೊಟ್ಟೇ ಮಲಗುತ್ತಾಳೆ. ಅವಳ ಮೂಗು ಸೋರುವುದಿಲ್ಲ, ತಲೆಯಲ್ಲಿ ಹೇನಿಲ್ಲ, ಮಂಡಿಯಲ್ಲಿ ಗಾಯದ ಕಲೆಯಿಲ್ಲ. ಹಾಲು ಬೇಡ ಎಂದು ಹಟ ಮಾಡಿದವಳಲ್ಲ. ಹಾಗೆ ನೋಡಿದರೆ ಹಾಲಿನ ಲೋಟ ಅವಳ ಕೈಗೆ ಬಂದರೆ ಅದರಲ್ಲಿ ಯಾರೋ ನಿದ್ದೆ ಮಾತ್ರೆ ಬೆರೆಸಿದ್ದಾರೆ ಎಂದೇ ತಿಳಿಯಬೇಕು.

ಆ ಮನೆಯಲ್ಲಿ ಅವಳಿಗೊಂದು ಉದ್ಯೋಗವಿದೆ: ಬಾಗಿಲ ಸಂದಿಯಲ್ಲಿ ನಿಲ್ಲುವುದು. ಗುಟ್ಟು ಮಾತಾಡುವಾಗ ಬಾಗಿಲು ಹಾಕಿಕೊಳ್ಳುವ ಪದ್ಧತಿ ಆ ವಂಶದಲ್ಲೇ ಇಲ್ಲ. ಪುಟ್ಟಿ ಗೊಂಬೆ ಹಿಡಿದು ಬರುತ್ತಾಳೆ, “ಅವಳು ನನ್ನ ಸ್ವಂತ ಮಗಳಲ್ಲ” ಎಂಬ ಮಾತಿಗೆ ಸರಿಯಾಗಿ ಬಂದು ನಿಲ್ಲುತ್ತಾಳೆ, “ಆದರೆ ಸ್ವಂತ ಮಗಳಿಗಿಂತ ಹೆಚ್ಚು” ಎನ್ನುವಷ್ಟರಲ್ಲಿ ಓಡಿಹೋಗಿರುತ್ತಾಳೆ. ಎರಡನೆಯ ವಾಕ್ಯದವರೆಗೆ ನಿಂತ ಪುಟ್ಟಿಯನ್ನು ನಾನು ಇನ್ನೂ ಕಂಡಿಲ್ಲ. ನಿಂತುಬಿಟ್ಟರೆ ಧಾರಾವಾಹಿಗೆ ಆರು ತಿಂಗಳ ಕತೆ ಲುಕ್ಸಾನು. ಬಾಗಿಲಲ್ಲಿ ಬಿದ್ದ ಗೊಂಬೆಯನ್ನೂ ಅದನ್ನು ನೋಡುವ ಹಿರಿಯರ ಮುಖಗಳನ್ನೂ ಸಿಡಿಲಿನ ಸದ್ದಿನ ಜತೆ ತಲಾ ಮೂರು ಸಲ ತೋರಿಸಿದ ಮೇಲೆ ಆ ದಿನದ ಸಂಚಿಕೆಗೆ ಮಂಗಳ.

ಅವಳಿಗೆ ಯಾಕೆ ಏಳು ತುಂಬುವುದಿಲ್ಲ ಎಂಬುದಕ್ಕೆ ಲೆಕ್ಕವಿದೆ. ವಾರಕ್ಕೆ ಐದು ಸಂಚಿಕೆಯಂತೆ ವರ್ಷಕ್ಕೆ 260. ಬೆಳಗಿನ ಕಾಫಿಯಿಂದ ರಾತ್ರಿಯ ಒಳಸಂಚಿನವರೆಗೆ ಆ ಮನೆಯ ಒಂದು ದಿನ ಮುಗಿಯಲು ಕಡಿಮೆಯೆಂದರೂ ಹತ್ತು ಸಂಚಿಕೆ ಬೇಕು. ಅಂದರೆ ನಮ್ಮ ಒಂದು ವರ್ಷದಲ್ಲಿ ಅಲ್ಲಿ 26 ದಿನ ಕಳೆಯುತ್ತದೆ. ಪುಟ್ಟಿ ಆರು ಮುಗಿಸಿ ಏಳಕ್ಕೆ ಬರಲು ನಮ್ಮ 14 ವರ್ಷ ಬೇಕು. ಹದಿನೆಂಟು ತುಂಬಿ ಮದುವೆಗೆ ನಿಲ್ಲಬೇಕಾದರೆ 168 ವರ್ಷ. ಯಾವ ಸೋಪಿನ ಕಂಪನಿ ತಾನೆ ಅಷ್ಟು ಕಾಲ ಜಾಹೀರಾತು ಕೊಟ್ಟುಕೊಂಡು ಕಾದೀತು?

ನಮ್ಮ ದೊಡ್ಡಮ್ಮನಿಗೆ ಈ ಲೆಕ್ಕದಲ್ಲಿ ನಂಬಿಕೆಯಿಲ್ಲ. ಅವರಿಗೆ ಪುಟ್ಟಿ ಮನೆಯ ಮಗು. ಅಡುಗೆಮನೆ ಬಾಗಿಲಲ್ಲಿ ಮೊಮ್ಮಗ “ಅಜ್ಜೀ, ದೋಸೆ” ಎಂದು ತಟ್ಟೆ ಬಡಿದರೆ, “ತಾಳೋ, ಆ ಕೂಸು ಮೂರು ದಿನದಿಂದ ಒಂದು ತುತ್ತು ತಿಂದಿಲ್ಲ, ಇವನಿಗೆ ದೋಸೆ ಆತುರ!” ಎಂದು ಗದರುತ್ತಾರೆ. ಆ ಧಾರಾವಾಹಿ ಶುರುವಾದಾಗ ಮೊಮ್ಮಗ ಯುಕೆಜಿಯಲ್ಲಿದ್ದ, ಈಗ ಮೂರನೇ ಕ್ಲಾಸು. ಒಂದು ದಿನ ಪರದೆಯನ್ನೇ ದಿಟ್ಟಿಸಿ ನೋಡಿ ಕೇಳಿದ: “ಅಜ್ಜೀ, ಇವಳು ಇನ್ನೂ ಒಂದನೇ ಕ್ಲಾಸಾ? ಫೇಲಾ?” ದೊಡ್ಡಮ್ಮ ಎರಡು ದಿನ ಅವನ ಜತೆ ಮುಖ ಕೊಟ್ಟು ಮಾತಾಡಲಿಲ್ಲ.

ಫೇಲೂ ಆಗಿಲ್ಲ, ಪಾಸೂ ಆಗಿಲ್ಲ. ಪುಟ್ಟಿ ಸ್ಕೂಲಿಗೆ ಹೋಗುತ್ತಾಳೆ, ಟೈ ಕಟ್ಟಿಕೊಂಡೇ ಹೋಗುತ್ತಾಳೆ, ಆದರೆ ಅಲ್ಲಿ ಪಾಠ ಮಾಡಿದ್ದನ್ನು ನೋಡಿದವರಿಲ್ಲ. ಆ ಸ್ಕೂಲಿರುವುದು ಮೂರು ಕಾರಣಕ್ಕೆ. ವಾರ್ಷಿಕೋತ್ಸವದಲ್ಲಿ ಬೇರೆಬೇರೆಯಾದ ಅಪ್ಪ ಅಮ್ಮ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಬೇಕು. ಟೀಚರು “ನನ್ನ ಅಪ್ಪ” ಎಂಬ ವಿಷಯದ ಮೇಲೆ ಪ್ರಬಂಧ ಬರೆಸಬೇಕು. ಕೊನೆಗೆ ಗೇಟಿನ ಎದುರು ಕಪ್ಪು ಗಾಜಿನ ಓಮ್ನಿ ವ್ಯಾನು ಬಂದು ನಿಲ್ಲಬೇಕು. ಊರಿನಲ್ಲಿ ಓಮ್ನಿ ಓಡುವುದೇ ಅಪರೂಪವಾಗಿ ಎಷ್ಟೋ ಕಾಲವಾಯಿತು, ಧಾರಾವಾಹಿಯ ಅಪಹರಣಕಾರರು ಮಾತ್ರ ಗಾಡಿ ಬದಲಿಸಿಲ್ಲ. ಮಗ್ಗಿ, ಕಾಪಿ ಬರವಣಿಗೆ, ಪೇರೆಂಟ್ಸ್ ಮೀಟಿಂಗಿನಲ್ಲಿ “ಮ್ಯಾಥ್ಸ್ ಸ್ವಲ್ಪ ವೀಕು” ಎಂಬ ದೂರು, ಇವೊಂದೂ ಪುಟ್ಟಿಯ ಹಣೆಯಲ್ಲಿ ಬರೆದಿಲ್ಲ.

ಓದು ಇಲ್ಲದಿದ್ದರೇನು, ಮಾತು ನೋಡಿ. “ಅಮ್ಮಾ, ದೊಡ್ಡವರು ಮಾಡಿದ ತಪ್ಪಿಗೆ ಮಕ್ಕಳು ಯಾಕಮ್ಮಾ ಶಿಕ್ಷೆ ಅನುಭವಿಸಬೇಕು?” “ಸಂಬಂಧ ಅನ್ನೋದು ರಕ್ತದಲ್ಲಿ ಇರಲ್ಲ ಅಂಕಲ್, ಮನಸ್ಸಲ್ಲಿ ಇರುತ್ತೆ.” ಆರು ವರ್ಷದ ಬಾಯಲ್ಲಿ ಇಂಥ ಮಾತು ಬಂದ ತಕ್ಷಣ ಅಂಕಲ್ ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಾದರೆ “ಯಾರು ಹೇಳಿಕೊಟ್ಟರು ನಿಂಗೆ ಇದನ್ನ?” ಎಂಬ ವಿಚಾರಣೆ ಶುರುವಾಗುತ್ತಿತ್ತು. ಆ ಮನೆಯಲ್ಲಿ ಐದಡಿ ದಾಟಿದವರೆಲ್ಲ ಮುನಿಸಿಕೊಂಡು ಮಾತು ಬಿಟ್ಟಿರುತ್ತಾರೆ, ಊಟ ಬಿಟ್ಟಿರುತ್ತಾರೆ, ಮನೆಯನ್ನೇ ಬಿಟ್ಟಿರುತ್ತಾರೆ. ವ್ಯವಹಾರಜ್ಞಾನ ಉಳಿದಿರುವುದು ಈ ಎರಡು ಜಡೆಯವಳಿಗೆ ಮಾತ್ರ. ಇವಳೊಬ್ಬಳು ಬೆಳೆದುಬಿಟ್ಟರೆ ಮನೆಯಲ್ಲಿ ದೊಡ್ಡವರು ಎನ್ನುವವರೇ ಇರುವುದಿಲ್ಲ.

ಯಾರು ಹೇಳಿಕೊಟ್ಟರು ಎಂಬುದಕ್ಕೆ ನಿಜವಾಗಿ ಉತ್ತರವಿದೆ. ಸೀನ್ ಪೇಪರು ಎಷ್ಟೋ ಸಲ ಅವತ್ತೇ ಬೆಳಿಗ್ಗೆ ಸೆಟ್ಟಿಗೆ ಬಂದಿರುತ್ತದೆ. ಪಾತ್ರ ಮಾಡುವ ಹುಡುಗಿಗೆ ಒತ್ತಕ್ಷರ ಕೂಡಿಸಿ ಓದಲು ಇನ್ನೂ ಬರುವುದಿಲ್ಲ. ಕ್ಯಾಮೆರಾದ ಪಕ್ಕ ನಿಂತ ಸಹಾಯಕ ನಿರ್ದೇಶಕ ಒಂದೊಂದೇ ಸಾಲು ಪ್ರಾಂಪ್ಟ್ ಮಾಡುತ್ತಾನೆ, ಅವಳು “ಆತ್ಮಸಾಕ್ಷಿ” ಎಂದು ಅಳುತ್ತಾ ಹೇಳುತ್ತಾಳೆ, ಕಟ್ ಅಂದ ಕೂಡಲೇ “ಆಂಟೀ, ಚಿಪ್ಸ್ ಎಲ್ಲಿ?” ಎನ್ನುತ್ತಾಳೆ. ಹಿಂದುಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ಹೆತ್ತ ತಾಯಿ ಟಿಫಿನ್ ಡಬ್ಬಿ, ನೀರಿನ ಬಾಟಲು, ಹೋಂವರ್ಕ್ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಧಾರಾವಾಹಿಯ ಕುಟುಂಬ ಒಂದು ತುತ್ತನ್ನೂ ನೆಮ್ಮದಿಯಿಂದ ತಿನ್ನದ ಆ ಭಾರೀ ಊಟದ ಮೇಜಿನ ಮೇಲೆ, ಲೈಟು ಬದಲಿಸುವ ಹೊತ್ತಿನಲ್ಲಿ, ನಿಜವಾದ ಹುಡುಗಿ ಕೂಡುವ ಕಳೆಯುವ ಲೆಕ್ಕ ಮುಗಿಸುತ್ತಾಳೆ.

ಈ ಹುಡುಗಿಗೆ ಸರ್ಕಾರದ ರಕ್ಷಣೆಯೂ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮ ಬಂದಿತು. ಕಲಾವಿದ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿ ಕೊಡದೆ ಸತತ ಮೂರು ಗಂಟೆ ದಾಟಬಾರದು, ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕರೆಸಬಾರದು. ಸಂಭಾವನೆಯಲ್ಲಿ ಶೇ. 20ರಷ್ಟನ್ನಾದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು. ಪುಟ್ಟಿ ಯಾಕೆ ಅಷ್ಟೊಂದು ನಿದ್ದೆ ಮಾಡುತ್ತಾಳೆ ಎಂದು ದೊಡ್ಡಮ್ಮ ಆತಂಕಪಡುತ್ತಿದ್ದರು, ಹಾಲಿನ ಮೇಲೆ ಅನುಮಾನಪಡುತ್ತಿದ್ದರು. “ಈಗಷ್ಟೇ ಮಲಗಿದ್ಲು, ಎಬ್ಬಿಸಬೇಡಿ” ಎಂಬ ಸಂಭಾಷಣೆಯ ಹಿಂದೆ ಐದು ಗಂಟೆಯ ಗಡಿಯಾರ ಇರಲೂಬಹುದು ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಸಂತೋಷವೇ ಆಯಿತು. “ಹಂಗಾದ್ರೆ ಆ ಸೊಸೆಗೂ ಏನಾದ್ರೂ ನಿಯಮ ಮಾಡ್ಬಾರ್ದಾ? ಬೆಳಗಿನ ಜಾವ ರೇಷ್ಮೆ ಸೀರೆ ಉಟ್ಟು ರಂಗೋಲಿ ಹಾಕೋಕೆ ಶುರು ಮಾಡಿದೋಳು ರಾತ್ರಿವರೆಗೂ ಕೂತಿದ್ದು ನಾ ಕಾಣೆ” ಎಂದರು. ಸೊಸೆಗೆ ಅಂಥ ನಿಯಮವಿಲ್ಲ.

ಪುಟ್ಟಿ ಹುಟ್ಟಿದ ಕತೆಯೇ ಒಂದು ಪುರಾಣ. ಗರ್ಭ ನಿಂತ ಸುದ್ದಿಯಿಂದ ಹೆರಿಗೆಯವರೆಗೆ ನಮ್ಮ ಕ್ಯಾಲೆಂಡರಿನಲ್ಲಿ ಹದಿನಾಲ್ಕು ತಿಂಗಳು. ಹೆರಿಗೆ ನೋವಂತೂ ಒಂದು ಪೂರ್ತಿ ವಾರ: ಮಳೆ, ಕೆಟ್ಟುನಿಂತ ಕಾರು, ತಳ್ಳುವ ಮಾವ, ಒಂದು ಗಂಟೆಯ ಮಹಾಸಂಚಿಕೆ. ಕೊನೆಗೆ ನರ್ಸು ತಂದು ತೋರಿಸುವ ಹಸುಗೂಸಿಗೆ ಒಳ್ಳೆಯ ಕೂದಲು, ನೇರ ನಿಂತ ಕತ್ತು, ನಕ್ಕರೆ ಒಸಡಿನಲ್ಲಿ ಎರಡು ಹಲ್ಲು. ಇದಕ್ಕೂ ಒಂದು ಸಬೂಬಿದೆ. ಮೂರು ತಿಂಗಳು ತುಂಬದ ಕೂಸನ್ನು ಚಿತ್ರೀಕರಣಕ್ಕೆ ತರುವಂತಿಲ್ಲ ಎಂದು ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗ ಮಾರ್ಗಸೂಚಿ ಹೊರಡಿಸಿದೆ. ಒಳ್ಳೆಯದೇ ಆಯಿತು. ಆ ಲೈಟು, ಆ ಗದ್ದಲ ಬಾಣಂತಿ ಕೋಣೆಯ ಕೂಸಿಗಲ್ಲ. ಹಾಗಾಗಿ ಪುಟ್ಟಿ ಹುಟ್ಟುವಾಗಲೇ ಬೋರಲು ಬೀಳುವ ವಯಸ್ಸಿನಲ್ಲಿರುತ್ತಾಳೆ. ಅವಳು ಆಮೇಲೆ ಬೆಳೆಯದೆ ನಿಲ್ಲುವುದು ಈ ಮುಂಗಡವನ್ನು ತೀರಿಸಲಿಕ್ಕೋ ಏನೋ.

ನಾಮಕರಣ ಮುಗಿದ ಮೇಲೆ ಕೂಸು ಕಾಣೆಯಾಗುತ್ತದೆ. ಪೊಲೀಸರು ಹುಡುಕುವ ಬಗೆಯ ಕಾಣೆಯಲ್ಲ, ಅದು ಇನ್ನೊಂದು ಟ್ರ್ಯಾಕು. ಇದು ಬರೀ ಮರೆವು. ಕತೆಗಾರನಿಗೆ ಕೂಸಿನಿಂದ ಸದ್ಯಕ್ಕೆ ಕೆಲಸವಿಲ್ಲ, ಮನೆಯವರಿಗೂ ಇಲ್ಲ. ಅಮ್ಮ ಅಪಹರಣಕ್ಕೊಳಗಾಗಿ ಗೋದಾಮಿನ ಕುರ್ಚಿಗೆ ಕಟ್ಟಿಸಿಕೊಂಡು ಹದಿನೈದು ಸಂಚಿಕೆ ಕೂರುತ್ತಾಳೆ. ಮನೆಯಲ್ಲಿ ಕೂಸಿಗೆ ಹಾಲು ಕೊಟ್ಟವರಾರು ಎಂದು ದೊಡ್ಡಮ್ಮನನ್ನು ಬಿಟ್ಟರೆ ಕೇಳಿದವರಿಲ್ಲ. ಈ ಮರೆವು ನಮ್ಮವರೊಬ್ಬರ ಸ್ವತ್ತಲ್ಲ. ಬ್ರಿಟನ್ನಿನಲ್ಲಿ 1960ರ ಡಿಸೆಂಬರಿನಲ್ಲಿ ಶುರುವಾದ ‘ಕಾರೊನೇಷನ್ ಸ್ಟ್ರೀಟ್’ ಇನ್ನೂ ನಡೆಯುತ್ತಿದೆ. ಅದರಲ್ಲಿ 1977ರಲ್ಲಿ ಟ್ರೇಸಿ ಬಾರ್ಲೋ ಎಂಬ ಮಗು ಹುಟ್ಟಿತು. ಬಾಲ್ಯದಲ್ಲಿ “ಕ್ಯಾಸೆಟ್ ಕೇಳುತ್ತೇನೆ” ಎಂದು ಮಹಡಿ ಹತ್ತಿದ ಟ್ರೇಸಿ ವರ್ಷಗಟ್ಟಲೆ ಕೆಳಗಿಳಿಯಲೇ ಇಲ್ಲ ಎಂಬುದು ಅಲ್ಲಿನ ವೀಕ್ಷಕರ ಹಳೆಯ ತಮಾಷೆ. ಇಳಿದು ಬಂದಾಗ ಮುಖವೇ ಬೇರೆ. ನಾಲ್ವರು ನಟಿಯರು ಒಬ್ಬರಾದ ಮೇಲೊಬ್ಬರು ಟ್ರೇಸಿಯಾದರು. ಬೆಳೆದ ಟ್ರೇಸಿ 2007ರಲ್ಲಿ ಪ್ರಿಯಕರನನ್ನು ಕೊಂದು ಜೈಲಿಗೂ ಹೋದಳು. ಅವಳಪ್ಪ ಕೆನ್ ಮಾತ್ರ ಧಾರಾವಾಹಿಯ ಮೊದಲ ದಿನದಿಂದ ಒಬ್ಬರೇ, ವಿಲಿಯಂ ರೋಚ್. ಅಪ್ಪಂದಿರನ್ನು ಬದಲಿಸುವ ಗೋಜಿಗೆ ಯಾವ ದೇಶದಲ್ಲೂ ಹೋಗುವುದಿಲ್ಲ, ನಾಲ್ಕು ಕೂದಲಿಗೆ ಬಿಳಿ ಬಳಿದರೆ ಮುಗಿಯಿತು.

ಪುಟ್ಟಿಗೆ ಬರುವ ಕಾಯಿಲೆಗಳೂ ದೊಡ್ಡ ದರ್ಜೆಯವು. ನೆಗಡಿ, ಭೇದಿ, ಕೆಪ್ಪಟೆಬಾವು ಅವಳ ಹತ್ತಿರ ಸುಳಿಯುವುದಿಲ್ಲ. ಹೃದಯದಲ್ಲಿ ತೂತು ಅಥವಾ ಸಾವಿರಕ್ಕೊಬ್ಬರಲ್ಲಿ ಸಿಗುವ ರಕ್ತದ ಗುಂಪು. ಡಾಕ್ಟರು ಕನ್ನಡಕ ತೆಗೆದು “ಇಪ್ಪತ್ನಾಲ್ಕು ಗಂಟೆ ಏನೂ ಹೇಳೋಕಾಗಲ್ಲ” ಎನ್ನುತ್ತಾರೆ. ಆ ಇಪ್ಪತ್ನಾಲ್ಕು ಗಂಟೆ ಮೂರು ವಾರ ನಡೆಯುತ್ತದೆ. ಅದರೊಳಗೆ ಊರಿನ ರಕ್ತನಿಧಿಯೆಲ್ಲ ಬರಿದಾಗಿ, ಆರು ವರ್ಷದಿಂದ ಅಪರಿಚಿತನಾಗಿದ್ದ ಹೆತ್ತಪ್ಪ ಅದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಸಿಗಬೇಕು. ಇತ್ತ ಅಮ್ಮ ದೇವಸ್ಥಾನದಲ್ಲಿ ಉರುಳುಸೇವೆ ಮಾಡಬೇಕು, ದೇವರ ಬಲಗಡೆಯಿಂದ ಹೂ ಬೀಳಬೇಕು, ಅಲ್ಲಿ ಪುಟ್ಟಿಯ ಕಿರುಬೆರಳು ಅಲುಗಬೇಕು. ಗುರುವಾರ ಟಿಆರ್‌ಪಿ ಪಟ್ಟಿ ಬರುತ್ತದೆ. ಅಂಕಿ ಚೆನ್ನಾಗಿದ್ದರೆ ಹೂ ಸ್ವಲ್ಪ ತಡವಾಗಿ ಬೀಳುತ್ತದೆ.

ಅಂಕಿ ಇಳಿದ ವಾರ ಏನಾದರೂ ಆಗಬಹುದು. ‘ಸೀತಾರಾಮ’ದ ಸಿಹಿಯನ್ನೇ ನೋಡಿ. ಮನೆಮನೆಯ ಮುದ್ದಿನ ಮಗು, ಕತೆಯೇ ಅವಳ ಮೇಲೆ ನಿಂತಿತ್ತು. ಅಂಥವಳನ್ನೂ ಸಾಯಿಸಿದರು. ಸಾಯಿಸಿ ಸುಮ್ಮನಾದರೆಂದು ತಿಳಿಯಬೇಡಿ. ಸಿಹಿ ಆತ್ಮವಾಗಿ ಓಡಾಡಿದಳು, ಅವಳದೇ ಮುಖದ ಅವಳಿ ಸುಬ್ಬಿ ಬಂದಳು. ಒಂದು ಮಗುವಿನ ಕಾಲ್‌ಶೀಟಿನಲ್ಲಿ ಒಬ್ಬಳು ಸತ್ತವಳು, ಒಬ್ಬಳು ಬದುಕಿದವಳು. ಆ ಸಂಜೆಗಳಲ್ಲಿ ಎಷ್ಟೋ ಮನೆಗಳಲ್ಲಿ ಸೂತಕದ ಕಳೆಯಿತ್ತು. ಅಳಬೇಡಿ ಎಂದು ಹೇಳಹೋದ ಗಂಡಸರು ಬೈಸಿಕೊಂಡು ಬಂದರು.

ಇಷ್ಟೆಲ್ಲ ಗಂಡಾಂತರ ದಾಟಿ ಬದುಕಿದ ಪುಟ್ಟಿ ಒಂದು ಸೋಮವಾರ ದೊಡ್ಡವಳಾಗುತ್ತಾಳೆ. ಮುನ್ಸೂಚನೆ ಸಣ್ಣದು: ಆಡುವ ಹುಡುಗಿಯ ಮುಂದಿನ ಹಲ್ಲು ಬಿದ್ದಿರುತ್ತದೆ, ಫ್ರಾಕು ಮಂಡಿಗಿಂತ ಮೇಲೇರಿರುತ್ತದೆ, ಎತ್ತಿಕೊಳ್ಳುವ ಸೋದರಮಾವ ಏದುಸಿರು ಬಿಡುತ್ತಿರುತ್ತಾನೆ. ಆಗ ‘ಲೀಪ್’ ಬರುತ್ತದೆ. ಪುಟ್ಟಿ ದೇವಸ್ಥಾನದ ಪ್ರಾಕಾರದಲ್ಲಿ ಓಡುತ್ತಾಳೆ. ಬರೀ ಪಾದ, ಗೆಜ್ಜೆ. ಒಂದು ಕಂಬ ದಾಟುತ್ತಾಳೆ. ಆ ಕಡೆಯಿಂದ ಬರುವ ಪಾದ ನಂಬರ್ ಏಳರ ಚಪ್ಪಲಿಯದು. ಕ್ಯಾಮೆರಾ ಮೇಲೇರುತ್ತದೆ, ಫ್ಯಾನು ತಿರುಗುತ್ತದೆ, ಕೂದಲು ಹಾರುತ್ತದೆ, ಇಪ್ಪತ್ತರ ಯುವತಿ ತಿರುಗಿ ನಗುತ್ತಾಳೆ. ಹದಿನಾಲ್ಕು ವರ್ಷ ಕಳೆಯಿತು. ಅಮ್ಮನಿಗೆ ಕಿವಿಯ ಹತ್ತಿರ ಒಂದು ಎಳೆ ಬಿಳಿಗೂದಲು ಬಂದಿದೆ. ನಿಜದಲ್ಲಿ ಆಕೆ ಈ ಮಗಳಿಗಿಂತ ಎರಡೋ ಮೂರೋ ವರ್ಷ ದೊಡ್ಡವಳಿದ್ದಾಳು. ಅಜ್ಜಿ ಇದ್ದ ಹಾಗೇ ಇದ್ದಾಳೆ. ಆಟೋ ಅದೇ, ಫೋನಿನ ಮಾಡೆಲ್ ಅದೇ, ಸೋಫಾದ ಕವರೂ ಅದೇ. ಕರ್ನಾಟಕವು 2040ನ್ನು ತಲುಪಿದೆ ಎಂಬುದಕ್ಕೆ ಆ ಬಿಳಿಗೂದಲೊಂದೇ ಪುರಾವೆ.

ಈ ವಿದ್ಯೆಯನ್ನು ಅಮೆರಿಕದವರು ನಮಗಿಂತ ಮೊದಲೇ ಕಲಿತಿದ್ದರು. ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಎಂಬ ಧಾರಾವಾಹಿ 1956ರಿಂದ 2010ರವರೆಗೆ ನಡೆಯಿತು. ಅದರಲ್ಲಿ 1961ರಲ್ಲಿ ಹುಟ್ಟಿದ ಟಾಮ್ ಹ್ಯೂಸ್ 1970ರ ಹೊತ್ತಿಗೆ ಕಾಲೇಜು ಓದಿ, ವಿಯೆಟ್ನಾಂ ಯುದ್ಧಕ್ಕೂ ಹೋಗಿ ಬಂದಿದ್ದ. ಒಂಬತ್ತು ವರ್ಷದ ಹುಡುಗನ ಕೈಗೆ ಬಂದೂಕು ಬಂದದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಅಲ್ಲಿ ಮಕ್ಕಳು ಬೆಳೆದದ್ದು ಯುದ್ಧಕ್ಕೆ, ಇಲ್ಲಿ ಬೆಳೆಯುವುದು ಮದುವೆಗೆ. ‘ಬಾಲಿಕಾ ವಧು’ 2008ರಲ್ಲಿ ಹಿಂದಿಯಲ್ಲಿ ಶುರುವಾದಾಗ ಆನಂದಿಯಾಗಿದ್ದವರು ಅವಿಕಾ ಗೋರ್, ಲೀಪ್ ಆದ ಮೇಲೆ ಪ್ರತ್ಯೂಷಾ ಬ್ಯಾನರ್ಜಿ, ಅವರ ನಂತರ ತೋರಲ್ ರಾಸ್‌ಪುತ್ರಾ. ಒಂದು ಸೊಸೆ, ಮೂರು ಮುಖ. ಅದರ ಕನ್ನಡ ಅವತಾರವಾಗಿ 2012ರಲ್ಲಿ ಬಂದ ‘ಪುಟ್ಟಗೌರಿ ಮದುವೆ’ಯಲ್ಲಿ ಸಾನ್ಯಾ ಅಯ್ಯರ್ ಪುಟ್ಟ ಗೌರಿ, ರಂಜನಿ ರಾಘವನ್ ದೊಡ್ಡ ಗೌರಿ. ಗೌರಿಯ ಕತೆ ನಡೆಯುತ್ತಿರುವಾಗಲೇ ಈಟಿವಿ ಕನ್ನಡ ಎಂಬ ವಾಹಿನಿಯೇ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಬೆಳೆದ ಗೌರಿ ಬೆಟ್ಟದಿಂದ ಬಿದ್ದೂ ಬದುಕಿದಳು, ಕಾಡಿನಲ್ಲಿ ಹುಲಿ ಎದುರಾದರೂ ಬದುಕಿದಳು. ಟ್ರೋಲ್ ಮಾಡುವವರಿಗೆ ಆ ದಿನಗಳಲ್ಲಿ ಬೇರೆ ಕಸುಬು ಬೇಕಾಗಲಿಲ್ಲ. ನನಗೆ ಆ ಟ್ರೋಲುಗಳ ಮೇಲೆ ತಕರಾರಿಲ್ಲ, ಆದರೆ ಎಳೆಯ ಹುಡುಗಿಯನ್ನು ಹಸೆಮಣೆಯ ಮೇಲೆ ಕೂರಿಸಿದಾಗ ಹುಬ್ಬೇರಿಸದವರು ಹುಲಿ ಬಂದಾಗ ಏರಿಸಿದರಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆರಕ್ಕೂ ಇಪ್ಪತ್ತಕ್ಕೂ ನಡುವಿನ ವಯಸ್ಸು ಧಾರಾವಾಹಿಗೆ ಬೇಡವೇ ಬೇಡ. ಆರು ವರ್ಷದವಳು ದೊಡ್ಡವರ ಜಗಳಕ್ಕೆ ಸಂಧಾನಗಾರ್ತಿಯಾಗುತ್ತಾಳೆ, ಇಪ್ಪತ್ತರವಳು ಮದುಮಗಳಾಗುತ್ತಾಳೆ. ಹತ್ತರವಳಿಂದ ಏನು ಲಾಭ? ಹದಿಮೂರಕ್ಕೆ ಮೊಡವೆ ಬರುತ್ತದೆ, ಬಾಗಿಲು ಧಡಾರನೆ ಹಾಕಿಕೊಳ್ಳುತ್ತಾಳೆ, ಅಜ್ಜಿಯ ಕಾಲಿಗೆ ಬೀಳು ಎಂದರೆ “ಆಮೇಲೆ” ಎನ್ನುತ್ತಾಳೆ. ಹದಿನಾರಕ್ಕೆ ಫೋನು ಕೇಳುತ್ತಾಳೆ, ಪ್ರಶ್ನೆಯನ್ನೂ ಕೇಳುತ್ತಾಳೆ. ಅಂಥವಳೊಬ್ಬಳು ಮನೆಯಲ್ಲಿದ್ದರೆ “ನನ್ನ ಅಪ್ಪ ಯಾರು?” ಎಂಬ ಮೂರು ವರ್ಷದ ಕತೆಯನ್ನು ಒಂದೇ ಮಧ್ಯಾಹ್ನದಲ್ಲಿ ಬೀರುವಿನ ಕಾಗದಪತ್ರ ತೆಗೆದು ಮುಗಿಸಿಬಿಡುತ್ತಾಳೆ. ಅದಕ್ಕೇ ಕಂಬ ಅಡ್ಡ ಇಟ್ಟು ದಾಟಿಸುತ್ತಾರೆ. ಅಪರೂಪಕ್ಕೆ ‘ಭಾಗ್ಯಲಕ್ಷ್ಮಿ’ಯಂಥ ಧಾರಾವಾಹಿಯಲ್ಲಿ ಹೈಸ್ಕೂಲು ಕಂಡಿತು ನೋಡಿ, ಅಲ್ಲಿಯೂ ಹತ್ತನೇ ಕ್ಲಾಸು ಓದಲು ಹೊರಟು ಹೆಸರು ಮಾಡಿದವಳು ಅಮ್ಮ ಭಾಗ್ಯ.

ಕಂಬದ ಈಚೆಗೆ ಉಳಿದ ಹುಡುಗಿ ಏನಾದಳು? ಅವಳು ಕಂಬ ದಾಟಲಿಲ್ಲ, ಮನೆಗೆ ಹೋದಳು. ಅವಳಿಗೆ ಏಳು, ಎಂಟು, ಒಂಬತ್ತು ಎಲ್ಲ ಕ್ರಮವಾಗಿ ತುಂಬಿದವು. ಮೊಡವೆಯೂ ಬಂತು, ಬಾಗಿಲು ಹಾಕಿಕೊಳ್ಳುವುದೂ ಬಂತು. ಆದರೆ ದೊಡ್ಡಮ್ಮನಂಥವರಿಗೆ ಅವಳು ಇನ್ನೂ ಆರರಲ್ಲೇ ಇದ್ದಾಳೆ. ಹೋದ ವರ್ಷ ಒಂದು ಮದುವೆಯಲ್ಲಿ ಅಂಥ ಒಬ್ಬಳು ಸಿಕ್ಕಿದಳು. ಪಿಯುಸಿ ಓದುವ, ಕಾಲುಬೆರಳಿಗೂ ನೇಲ್‌ಪಾಲಿಶ್ ಹಚ್ಚಿದ, ಒಂದು ಕೈಯಲ್ಲಿ ಫೋನು ಒಂದು ಕೈಯಲ್ಲಿ ಐಸ್‌ಕ್ರೀಮ್ ಹಿಡಿದ ಹುಡುಗಿ. ದೊಡ್ಡಮ್ಮ ದೂರದಿಂದಲೇ ಗುರುತು ಹಿಡಿದರು. ನಾನು ತಡೆಯುವಷ್ಟರಲ್ಲಿ ಎರಡು ಪಂಕ್ತಿ ದಾಟಿ ಅವಳ ಗಲ್ಲ ಸವರುತ್ತಾ ನಿಂತಿದ್ದರು.

“ಪುಟ್ಟೀ, ಹೆಂಗಿದ್ದೀಯೇ? ಅಮ್ಮ ಮನೆಗೆ ವಾಪಸ್ ಬಂದ್ಲಾ?”

“ಹೂಂ ಅಜ್ಜಿ, ಬಂದ್ರು” ಅಂದಳು ಹುಡುಗಿ. ಎಷ್ಟು ಛತ್ರಗಳಲ್ಲಿ ಎಷ್ಟು ಜನರಿಗೆ ಈ ಉತ್ತರ ಕೊಟ್ಟಿದ್ದಳೋ, ತಡವರಿಸಲೇ ಇಲ್ಲ.

“ಎದೇಲಿ ತೂತಿತ್ತಲ್ಲ, ಅದು?”

“ಆಪರೇಷನ್ ಆಯ್ತಲ್ಲ ಅಜ್ಜಿ, ಆರಾಮಾಗಿದ್ದೀನಿ.”

“ಆರಾಮಾಗಿದ್ರೂ ನಾವು ಹುಷಾರಾಗಿರ್ಬೇಕಮ್ಮಾ” ಎಂದ ದೊಡ್ಡಮ್ಮ, ಅವಳ ಕೈಯಿಂದ ಐಸ್‌ಕ್ರೀಮ್ ಕಪ್ಪನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕೈಗೆ ಕೊಟ್ಟರು.